ಕಾಟಾ ಕಾಕಾರ ಕಂಪ್ಯೂಟರ್

ಹೋದ ವಾರ ಹಳೆಯ ಸಾಮಾನಿನ ಡಬ್ಬಿ ತೆಗೆದಾಗ ಒಂದು ಸಣ್ಣ ಪೇಂಟ್ ಬ್ರಷ್ ಸಿಕ್ಕಿತು. ಕಂಪ್ಯೂಟರಿನ ಒಳಗಿನ ಧೂಳು ತೆಗೆಯಲು ಇಟ್ಟುಕೊಂಡಿದ್ದದ್ದು. ಹೆಬ್ಬೆರಳಿನಿಂದ ಅದರ ಕೂದಲು ಸವರಿದೆ. ಕೆಂಪು ಧೂಳು ಉದುರಿತು. ಇಷ್ಟು ವರ್ಷವಾದರೂ ಉಸಗಾಂವದ ಅದಿರಿನ ಧೂಳು ಹಾಗೇ ಉಳಿದಿತ್ತು...

ತೊಂಬತ್ತರ ದಶಕದ ಕೊನೆಯ ವರ್ಷಗಳು. ಹುಬ್ಬಳ್ಳಿಯಿಂದ ಗೋವಾದ ಫೋಂಡಾಕ್ಕೆ ಹೋಗಿ ಒಂದು ಸಣ್ಣ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಬಾಡಿಗೆ ಕೋಣೆ, ಖಾನಾವಳಿ ಊಟ. ಕೊಂಕಣಿ ಬರುತ್ತಿರಲಿಲ್ಲ, ಹಿಂದಿ ಅಷ್ಟಕ್ಕಷ್ಟೆ. ಬೆಳಗಿನಿಂದ ಸಂಜೆಯವರೆಗೆ ಒಂದೂ ಕನ್ನಡ ಮಾತಾಡದೆ ಕಳೆದ ದಿನಗಳು ಎಷ್ಟೋ.

ಉಸಗಾಂವದ ಒಂದು ಗಣಿಯ ಕಾಟಾಕ್ಕೆ, ಅಂದರೆ ಅದಿರಿನ ಲಾರಿ ತೂಗುವ ಜಾಗಕ್ಕೆ, ನಮ್ಮ ಅಂಗಡಿಯವರೇ ಕಂಪ್ಯೂಟರ್ ಕೂರಿಸಿದ್ದರು. ಅದನ್ನು ನಡೆಸುತ್ತಿದ್ದವರು ಸಿಂದಗಿ ಕಡೆಯವರು, ಐವತ್ತು ದಾಟಿದವರು. ಡ್ರೈವರುಗಳೆಲ್ಲ ಅವರನ್ನು ಕಾಟಾ ಕಾಕಾ ಅನ್ನುತ್ತಿದ್ದರು, ನಾನೂ ಕಾಕಾ ಎಂದೇ ಕರೆದೆ. ಅದಿರು ಒಡೆಯುವ ಯಂತ್ರದ ಮಗ್ಗುಲಲ್ಲಿ ಹದಿನೆಂಟು ವರ್ಷ ದುಡಿದಿದ್ದರು. ಓದು ಬರಹ ಗೊತ್ತಿದೆ ಎಂದು ಆಮೇಲೆ ಈ ಕೋಣೆಯಲ್ಲಿ ಕೂರಿಸಿದ್ದರು. ಧೂಳು ತೆಗೆಯಲು ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಅವತ್ತು ಅವರು ತಮ್ಮ ಕೈಯಾರೆ ಬಡಿದ ಎರಡು ರೊಟ್ಟಿ ಹೆಚ್ಚು ಕಟ್ಟಿಕೊಂಡು ಬರುತ್ತಿದ್ದರು. ಎದುರು ಬದುರು ಕೂತು ಉಣ್ಣುತ್ತಿದ್ದೆವು. ನಾನು ಕಂಪ್ಯೂಟರಿನ ಕಡೆ ಮುಖ ಮಾಡಿ ಏನಾದರೂ ಕೇಳಿದರೆ ಉತ್ತರ ಬರುತ್ತಿರಲಿಲ್ಲ. ಏನೋ ಯೋಚನೆಯಲ್ಲಿದ್ದಾರೆ ಅಂದುಕೊಳ್ಳುತ್ತಿದ್ದೆ...

ಒಂದು ದಿನ ಲಾರಿ ಡ್ರೈವರನ ಕೈಯಲ್ಲಿ ಅವರ ಚೀಟಿ ಬಂತು. ಕಂಪ್ಯೂಟರಿನ ಸದ್ದು ಹೋಗಿದೆ, ಬೇಗ ಬರಬೇಕು ಎಂದಿತ್ತು.

ಲಾರಿ ಕಾಟಾದ ಮೇಲೆ ನಿಂತು ತೂಕದ ಅಂಕಿ ಅಲುಗಾಡುವುದು ನಿಂತಾಗ ಕಂಪ್ಯೂಟರ್ ಒಮ್ಮೆ ‘ಬೀಪ್’ ಅನ್ನುತ್ತಿತ್ತು. ಆಗ ಕಾಕಾ ತೂಕದ ಚೀಟಿ ತೆಗೆದು, ಕೈ ಬೀಸಿ ಲಾರಿ ಬಿಡಬೇಕು. ಸದ್ದಿಲ್ಲದೆ ಎರಡು ಸಲ ತಪ್ಪಾಗಿ ಮ್ಯಾನೇಜರ್ ಬೈದಿದ್ದನಂತೆ. ಕಂಪ್ಯೂಟರ್ ಕೆಟ್ಟಿದೆ ಎಂದು ಇವರು ಹೇಳಿದ್ದರು.

ಹೋಗಿ ಕಂಪ್ಯೂಟರಿನ ಡಬ್ಬಿ ಬಿಚ್ಚಿದೆ. ಧೂಳು ಒರೆಸಿದೆ. ಒಳಗಿನ ಸಣ್ಣ ಸ್ಪೀಕರಿನ ತಂತಿ ನೋಡಿದೆ, ಗಟ್ಟಿಯಾಗಿಯೇ ಇತ್ತು. ಆದರೂ ಹೊಸ ಸ್ಪೀಕರ್ ಹಾಕಿದೆ. ಲಾರಿ ಬಂತು, ಕಂಪ್ಯೂಟರ್ ಸ್ಪಷ್ಟವಾಗಿ ಕೂಗಿತು. ಹೊರಗಿದ್ದ ಡ್ರೈವರ್ ಕೂಡ ಕೇಳಿಸಿಕೊಂಡು ಗೇರ್ ಹಾಕಿದ.

ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದರು. “ಬಂತೇನ್ರಿ?” ಅಂದರು.

ನಾನು ಹಳೆಯ ಸ್ಪೀಕರನ್ನೇ ಮತ್ತೆ ಹಾಕಿದೆ. ಮುಂದಿನ ಲಾರಿಗೆ ಅದೂ ಕೂಗಿತು. ಕಾಕಾ ಅಲುಗಲಿಲ್ಲ.

“ಕಾಕಾ, ಇದು ಮದಲಿಂದ ಸರೀನ ಐತ್ರಿ.”

ಅವರು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. “ಮಷಿನ್ ಕೆಟ್ಟಿರ್ಲಿ ಅಂತ ಬೇಡಕೊಂಡಿದ್ದೆ...” ಅಂದರು. ಮೊದಲು ಕಿವಿ ಅರ್ಧಂಬರ್ಧ ಕೇಳುತ್ತಿತ್ತಂತೆ, ಈಗ ಅದೂ ಇಲ್ಲ. ಹಾಗಾದರೆ ನನ್ನ ಮಾತು ಹೇಗೆ ತಿಳಿಯುತ್ತದೆ ಎಂದು ಕೇಳಿದೆ.

“ನೀವು ಕನ್ನಡ ಮಾತಾಡ್ತೀರಿ. ತುಟಿ ನೋಡಿದ್ರ ನಿಮ್ಮ ಮಾತು ನನಗ ಕಾಣ್ತಾವು. ಈ ಮಂದಿ ಕೊಂಕಣಿ ಕಾಣಂಗಿಲ್ರಿ.”

ಮತ್ತೆ ಅವರೇ ಹೇಳಿದರು: “ಮಗಳು ವಿಜಾಪುರದಾಗ ಟೀಚರ್ ಟ್ರೇನಿಂಗ್ ಮಾಡಾಕತ್ತಾಳ. ಇನ್ನೊಂದ ವರ್ಷ ಐತಿ. ಕಿವಿ ಹೋಗೈತಿ ಅಂತ ಗೊತ್ತಾದ್ರ ಇಲ್ಲಿ ಒಂದಿನಾನೂ ಇಟ್ಕೊಳ್ಳಂಗಿಲ್ಲ. ಅದನ್ನ ಬರೀಬ್ಯಾಡ್ರಿ.”

ನಾನು ಬರೆಯಲಿಲ್ಲ. ಸದ್ದಿನ ಭಾಗ ಕೆಟ್ಟಿದೆ, ಅದಕ್ಕೆ ಬೇರೆ ವ್ಯವಸ್ಥೆ ಮಾಡಿದೆ ಎಂದು ವರದಿ ಬರೆದು ಸಹಿ ಹಾಕಿದೆ. ತೂಕ ನಿಂತ ಕೂಡಲೇ ಸದ್ದಿನ ಬದಲು ಪರದೆಯೆಲ್ಲ ಎರಡು ಸಲ ಬೆಳ್ಳಗೆ ಮಿನುಗುವಂತೆ ಪ್ರೋಗ್ರಾಮಿನಲ್ಲಿ ಎರಡು ಸಾಲು ಸೇರಿಸಿದೆ. ಮೊದಲ ಸಲ ಮಿನುಗಿದಾಗ ಕಾಕಾ ಕೂಸಿನಂತೆ ನಕ್ಕರು. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಬಗ್ಗೆ ನನಗೇ ಭಾಳ ಹೆಮ್ಮೆ ಅನಿಸಿತ್ತು. ಒಬ್ಬರ ಅನ್ನ ಉಳಿಸಿದೆನಲ್ಲ ಎಂದು. ಆಮೇಲೆ ಕೆಲಸವಿಲ್ಲದಿದ್ದರೂ ಅಲ್ಲಿಗೆ ಹೋಗುತ್ತಿದ್ದೆ. ಮಾತು ಮುಗಿಯುತ್ತಲೇ ಇರಲಿಲ್ಲ...

ಮಳೆಗಾಲದಲ್ಲಿ ಗಣಿ ಬಂದ್. ಕಾಕಾ ಊರಿಗೆ ಹೋದರು. ಮಳೆ ಮುಗಿದು ಕೆಲಸ ಶುರುವಾಗಿ ತಿಂಗಳಾದ ಮೇಲೆ ಹೋದಾಗ ಅವರ ಕುರ್ಚಿಯಲ್ಲಿ ಬೇರೊಬ್ಬ ಗುಮಾಸ್ತ ಕೂತಿದ್ದ. ಕಾಕಾ ಎಲ್ಲಿ ಎಂದು ಕೇಳಿದೆ. ಅವನು ಕಿಟಕಿಯಿಂದ ಅಂಗಳ ತೋರಿಸಿದ. ಊರಿಂದ ಬಂದ ಮೊದಲ ವಾರವೇ, ಒಬ್ಬ ಡ್ರೈವರನಿಗೆ ಚೀಟಿ ಕೊಡಲು ಹೊರಗೆ ಇಳಿದಿದ್ದರಂತೆ. ಹಿಂದಿನಿಂದ ಇನ್ನೊಂದು ಟಿಪ್ಪರ್ ರಿವರ್ಸ್ ಬರುತ್ತಿತ್ತು. ಅದರ ಡ್ರೈವರ್ ಹಾರ್ನ್ ಹೊಡೆಯುತ್ತಲೇ ಬಂದಿದ್ದ, ಹಾರ್ನ್ ಕೇಳಿದವರು ಸರಿದೇ ಸರಿಯುತ್ತಾರೆ ಎಂದು. ಅಷ್ಟು ಜೋರಾಗಿ ಹೊಡೆದರೂ ಮುದುಕ ಯಾಕೆ ಸರಿಯಲಿಲ್ಲವೋ ಯಾರಿಗೂ ತಿಳಿಯಲಿಲ್ಲ ಎಂದ ಗುಮಾಸ್ತ. ಹೆಣವನ್ನು ಜೀಪಿನಲ್ಲಿ ಊರಿಗೆ ಕಳಿಸಿದ್ದರು.

ಯಾಕೆ ಎಂದು ನನಗೆ ತಿಳಿದಿತ್ತು.

ಪರದೆ ಮಿನುಗಿ ಕಣ್ಣು ನೋಯುತ್ತದೆ, ಅದನ್ನು ತೆಗೆದು ಸದ್ದು ಹಾಕಿಕೊಡು ಎಂದ ಅವನು. ಆ ಎರಡು ಸಾಲು ಅಳಿಸಿದೆ. ಒಂದು ನಿಮಿಷದ ಕೆಲಸ. ಲಾರಿ ಬಂದು ನಿಂತಿತು, ಕಂಪ್ಯೂಟರ್ ಕೂಗಿತು. ಗುಮಾಸ್ತ ಚೀಟಿ ತೆಗೆದು ಕೈ ಬೀಸಿದ.

ಫೋಂಡಾದಲ್ಲಿ ಮತ್ತೆ ಎರಡು ವರ್ಷ ಇದ್ದೆ. ಉಸಗಾಂವಕ್ಕೆ ಹೋಗಬೇಕಾದಾಗಲೆಲ್ಲ ಏನಾದರೂ ನೆವ ಹೇಳಿ ಬೇರೆಯವರನ್ನು ಕಳಿಸುತ್ತಿದ್ದೆ. ಖಾನಾವಳಿಯಲ್ಲಿ ಒಬ್ಬನೇ ಉಂಡು ಬಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಈಗ ಹುಬ್ಬಳ್ಳಿಯಲ್ಲಿದ್ದೇನೆ. ಸುತ್ತ ಕನ್ನಡ ಮಾತಿಗೆ ಬರವಿಲ್ಲ, ಆದರೆ ಇದನ್ನು ಮಾತ್ರ ಯಾರ ಮುಂದೆಯೂ ಹೇಳಿಲ್ಲ. ಅವತ್ತು ನಿಜ ಬರೆದಿದ್ದರೆ ಅವರ ನೌಕರಿ ಹೋಗುತ್ತಿತ್ತು. ನನ್ನ ಮೇಲೆ ಸಿಟ್ಟು ಮಾಡಿಕೊಂಡು ಊರಿಗೆ ಹೋಗುತ್ತಿದ್ದರು. ಆದರೆ ಇರುತ್ತಿದ್ದರು... ಅವರ ಮಗಳು ಓದು ಮುಗಿಸಿದಳೋ ಇಲ್ಲವೋ ಗೊತ್ತಿಲ್ಲ. ಯಾವುದಾದರೂ ಶಾಲೆಯಲ್ಲಿ ಕಲಿಸುತ್ತಿದ್ದರೆ ಅವಳಿಗೂ ಈಗ ವಯಸ್ಸಾಗಿರಬೇಕು. ತಂದೆ ಯಾಕೆ ಸರಿಯಲಿಲ್ಲ ಎಂದು ಅವಳಿಗೆ ಹೇಳಬೇಕಾದವನು ನಾನೊಬ್ಬನೇ. ಅವಳ ಹೆಸರನ್ನೂ ಕೇಳಿಟ್ಟುಕೊಳ್ಳಲಿಲ್ಲ.