ಕಾಕಾನ ಚೀಲ, ಆಯಿಯ ಬಟ್ಟೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಚೀಲ ಹಸಿರು ಬಣ್ಣದ್ದೆಂದು ನನ್ನ ನೆನಪು, ಮಣ್ಣಿನ ಬಣ್ಣದ್ದೆಂದು ನನ್ನ ತಂಗಿಯ ವಾದ. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಯಾವುದೋ ಒಂದು ಚಳಿಗಾಲ ಎಂಬುದಷ್ಟೇ ಖಚಿತ. ನಾನು ದಿನಚರಿ ಬರೆಯುವವಳು, ನಿಜ. ಆದರೆ ಆ ವಾರದ ಪುಟಗಳಲ್ಲಿ ನನ್ನ ಹಿಮ್ಮಡಿಯ ಬೊಬ್ಬೆಗಳ ವರ್ಣನೆ ಬಿಟ್ಟರೆ ಬೇರೇನೂ ಇಲ್ಲ. ಧಾರವಾಡದಲ್ಲಿ ಓದುತ್ತ ರಜೆಗೆ ಮನೆಗೆ ಬಂದಿದ್ದ ಹುಡುಗಿಗೆ ಆಗ ತನ್ನ ಕಾಲಿಗಿಂತ ದೊಡ್ಡ ಸಂಗತಿ ಇರಲಿಲ್ಲವೆಂದು ಕಾಣುತ್ತದೆ.

ಕಾಕಾ ನನ್ನ ಅಪ್ಪನ ಕಿರಿಯ ತಮ್ಮ. ವಿಜಾಪುರದ ಒಂದು ಸಾಲಿಯಲ್ಲಿ ಚಿತ್ರಕಲೆಯ ಮಾಸ್ತರ. ಮದುವೆಯಾಗಿರಲಿಲ್ಲ. ಗುಮ್ಮಟಗಳ ನೆರಳಿನಲ್ಲಿ ಬೆಳೆದವನಿಗೆ ಒಂದು ಹುಚ್ಚು ಹತ್ತಿತ್ತು: ಇಂಥವೇ ಗುಮ್ಮಟಗಳು ಬೇರೆ ದೇಶಗಳಲ್ಲಿ ಹೇಗಿವೆಯೋ ಕಣ್ಣಿಂದ ನೋಡಿ ಬರೆದುಕೊಳ್ಳಬೇಕು. ಮುಂಬಯಿಯಿಂದ ಹಡಗು ಹತ್ತಿ ಬಸ್ರಾ, ಅಲ್ಲಿಂದ ನೆಲದ ದಾರಿಯಲ್ಲಿ ಬಾಗ್ದಾದ್, ತುರ್ಕಸ್ತಾನ, ಆಮೇಲೆ ಕಾಲು ಒಯ್ದಲ್ಲಿಗೆ. ಒಂದೆರಡು ವರ್ಷ. ರಜೆಯ ಮಾತು ಮುಗಿದಿತ್ತು, ಪಾಸ್‌ಪೋರ್ಟೂ ಬಂದಿತ್ತು. ಉಳಿದದ್ದು ಎರಡೇ: ಚೀಲ ಕಟ್ಟುವುದು ಮತ್ತು ಆಯಿಯನ್ನು ಒಪ್ಪಿಸುವುದು. ಆಯಿ ಎಂದರೆ ನನ್ನ ಅಜ್ಜಿ, ಅವನ ತಾಯಿ. ಅವಳು ಹೂಂ ಅನ್ನದೆ ನಮ್ಮ ಮನೆಯಲ್ಲಿ ಯಾರೂ ಹೊಸ್ತಿಲು ದಾಟುತ್ತಿರಲಿಲ್ಲ.

ಚೀಲವನ್ನು ಅವನು ಸೊಲ್ಲಾಪುರದ ಹಳೆ ಸಾಮಾನಿನ ಬಜಾರದಿಂದ ತಂದಿದ್ದ. ಸಿಪಾಯಿಗಳು ಬೆನ್ನಿಗೆ ಹಾಕಿಕೊಳ್ಳುವಂಥದ್ದು. ಅದರೊಳಗೆ ಏನೇನು ಇಡಬೇಕೆಂದು ಹೇಳಲು ಓಣಿಯ ಜನವೆಲ್ಲ ಬಂದರು. ಅವರಲ್ಲಿ ಹೆಚ್ಚಿನವರು ಪಂಢರಪುರದ ಆಚೆ ಹೋದವರಲ್ಲ. ಅದರಿಂದ ಸಲಹೆಗಳಿಗೇನೂ ಕೊರತೆಯಾಗಲಿಲ್ಲ. ಅಲ್ಲಿ ಚಳಿ ಭಾಳ, ಕೋಟು ಬೇಕು. ಮಂದಿ ಸಾಹೇಬರಂತೆ ಇರುತ್ತಾರೆ, ಇಸ್ತ್ರಿ ಮಾಡಿದ ಅಂಗಿ ಬೇಕು. ಹೋಟೆಲಿನ ಊಟ ನಂಬಬಾರದು, ಸ್ಟೋ ಬೇಕು. ಹೀಗೆ ಕೋಟು, ಬೂಟು, ಅಂಗಿಗಳು, ಪಿತ್ತಾಳಿ ಸ್ಟೋ, ಗಡ್ಡ ಮಾಡಿಕೊಳ್ಳುವ ಕನ್ನಡಿ, ದಪ್ಪನೆಯ ಇಂಗ್ಲಿಷ್ ನಿಘಂಟು, ಕಂಬಳಿ, ಬಣ್ಣದ ಡಬ್ಬಿ ಎಲ್ಲ ಒಳಗೆ ಹೋದವು. ಕಾಕಾ ಚೀಲವನ್ನು ಬೆನ್ನಿಗೇರಿಸಿದ. ಚೀಲ ಅವನನ್ನು ಹಿಂದಕ್ಕೆ ಎಳೆದು ಮಂಚದ ಮೇಲೆ ಕೂರಿಸಿತು.

ಆಯಿ ಕಡ್ಲಿ ಸೊಪ್ಪು ಸೋಸುತ್ತ ಇದನ್ನೆಲ್ಲ ನೋಡುತ್ತಿದ್ದಳು. ಕಾಕಾ ಭಾವಿಯಿಂದ ಒಂದು ಕೊಡ ನೀರು ತಂದವನಲ್ಲ. ಸ್ಟೇಷನ್ನಿಗೆ ಹೋದರೆ ಟ್ರಂಕು ಹೊರಲು ಟಾಂಗಾದವನೇ ಬರಬೇಕು. ಅವಳು ಸೋಸುವುದನ್ನು ನಿಲ್ಲಿಸದೆ ಹೇಳಿದಳು:

"ಮೊದಲ ಟಿಕೋಟಾಕ್ಕ ಹೋಗು, ಅಲ್ಲಿಂದ ಬಬಲೇಶ್ವರಕ್ಕ ಹೋಗಿ ಮನಿಗೆ ಬಾ. ನಡಕೊಂತ. ಚೀಲ ನಿನ್ನ ಬೆನ್ನ ಮ್ಯಾಲೇ ಇರಬೇಕು. ಚಕ್ಕಡಿ ಹತ್ತಿದ್ರ, ಬಸ್ ಹತ್ತಿದ್ರ, ಮತ್ತ ಆ ದೇಶದ ಮಾತ ತಗೀಬ್ಯಾಡ."

"ಹತ್ತಲಿಲ್ಲ ಅಂದ್ರ?"

"ಹತ್ತಲಿಲ್ಲ ಅಂದ್ರ ನೋಡೂಣು."

ಊರಿಂದೂರಿಗೆ ಒಂದೊಂದು ದಿನದ ನಡಿಗೆ. ಸಾಕ್ಷಿಯಾಗಿ ನನ್ನನ್ನು ಜೊತೆಗೆ ಕಳಿಸಿದಳು. ನನ್ನ ಕೈಯಲ್ಲಿ ನೀರಿನ ತಂಬಿಗೆ ಮಾತ್ರ. ಹೊರಡುವಾಗ ಆಯಿ ತನ್ನ ಹಳೆ ಇಲಕಲ್ಲ ಸೀರೆಯ ಕೆಂಪು ಅಂಚಿನ ತುಂಡಿನಲ್ಲಿ ಶೇಂಗಾ ಹೋಳಿಗೆ ಕಟ್ಟಿ ಚೀಲದ ಬಾಯಿಗೆ ತುರುಕಿದಳು. ಟಿಕೋಟಾದಲ್ಲಿ ಅವಳ ಹಿರಿ ಮಗಳು, ಅಂದರೆ ನನ್ನ ಅತ್ತಿ, ಇದ್ದಳು. ಅವಳಿಗೆ ಕೊಡಬೇಕಂತೆ. ಟಿಕೋಟಾದಲ್ಲಿ ಇಷ್ಟಾದರೂ ಇಳಿಯುತ್ತದಲ್ಲ ಎಂದುಕೊಂಡು ಕಾಕಾ ಚೀಲ ಹೊತ್ತ.

ತೊರವಿ ದಾಟುವವರೆಗೆ ಅವನು ಹಾಡುತ್ತಿದ್ದ. ಆಮೇಲೆ ಮಾತಾಡುತ್ತಿದ್ದ. ಆಮೇಲೆ ಬರೀ ನಡೆಯುತ್ತಿದ್ದ. ಎರಡೂ ಬದಿಗೆ ಜೋಳ ತೆನೆ ಹಿಡಿದು ನಿಂತಿತ್ತು ಎಂದು ಬರೆಯಲು ಕೈ ಹೋಗುತ್ತದೆ. ಆದರೆ ಅದು ನಾನು ನಿಜವಾಗಿ ಕಂಡದ್ದೋ, ಚಳಿಗಾಲವೆಂದರೆ ಹಾಗೇ ಇರಬೇಕೆಂದು ಈಗ ಸೇರಿಸಿದ್ದೋ ಹೇಳಲಾರೆ. ಕಾಕಾನ ಬೆನ್ನ ಹಿಂದೆ ನಡೆಯುತ್ತಿದ್ದವಳಿಗೆ ಹೆಚ್ಚಾಗಿ ಕಂಡದ್ದು ಚೀಲವೇ.

ಅತ್ತಿ ಹೋಳಿಗೆ ತೆಗೆದುಕೊಂಡಳು. ತಮ್ಮನನ್ನು ನೋಡಿ ನಕ್ಕಳು. ಕತ್ತೆಗೂ ಹೊರೆ ಇಳಿಸಿ ನೀರು ಕುಡಿಸುತ್ತಾರೆ, ನೀನೂ ಇಳಿಸು ಎಂದಳು. ಬೆಳಿಗ್ಗೆ ಹೊರಡುವಾಗ ಅದೇ ಕೆಂಪು ಅಂಚಿನ ಬಟ್ಟೆ ಮೊದಲಿಗಿಂತ ಮೂರು ಪಟ್ಟು ದಪ್ಪವಾಗಿ ಬಂತು. ಒಳಗೆ ತಿಂಗಳಾದರೂ ಕೆಡದ, ಒಣಗಿಸಿದ ಕಟಕ ರೊಟ್ಟಿಯ ದೊಡ್ಡ ಥಪ್ಪಿ, ಅಗಸಿ ಚಟ್ನಿ, ಗುರೆಳ್ಳ ಚಟ್ನಿ. ನಮ್ಮ ಕಡೆ ಬುತ್ತಿ ಕಟ್ಟಿ ಬಂದ ಬಟ್ಟೆಯನ್ನು ಬರಿದಾಗಿ ತಿರುಗಿ ಕಳಿಸುವ ರೂಢಿಯಿಲ್ಲ. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಹಿಡಿ ಜೋಳವನ್ನಾದರೂ ಹಾಕುತ್ತಾರೆ. ಅತ್ತಿಯ ಮನೆಯಲ್ಲಿ ಎಲ್ಲವೂ ಇತ್ತು. ಬಬಲೇಶ್ವರದಲ್ಲಿದ್ದ ತಮ್ಮ ಸೋದರ ಮಾಮಾನಿಗೆಂದು ಇನ್ನೊಂದು ಗಂಟನ್ನೂ ಅವಳು ಕಟ್ಟಿಟ್ಟಿದ್ದಳು.

ಇದನ್ನು ಆಯಿ ಮೊದಲೇ ಎಣಿಸಿದ್ದಳೇ? ಎಣಿಸಿದ್ದಳು ಎಂದು ಕೆಲವು ದಿನ ಅನಿಸುತ್ತದೆ. ಮಗಳಿಗೆ ಹೋಳಿಗೆ ಕಳಿಸಿದಳು, ಅಷ್ಟೆ, ಎಂದು ಉಳಿದ ದಿನ.

ಬಬಲೇಶ್ವರದ ಹಾದಿಯಲ್ಲಿ ಕಾಕಾ ಒಂದು ಉಪಾಯ ಹೂಡಿದ. ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿ, ಹೊಲದಲ್ಲಿ ಕೆಲಸ ಮಾಡುವವರನ್ನು ಊಟಕ್ಕೆ ಕರೆದ. ರೊಟ್ಟಿ ಖರ್ಚಾಗುತ್ತದೆ, ಹೊರೆ ಇಳಿಯುತ್ತದೆ ಎಂಬ ಲೆಕ್ಕ. ನಾಲ್ಕೈದು ಮಂದಿ ಸಂತೋಷದಿಂದ ಬಂದರು, ತಮ್ಮ ಬುತ್ತಿಗಳನ್ನೂ ಹಿಡಿದುಕೊಂಡೇ ಬಂದರು. ಅವರು ನಮ್ಮ ರೊಟ್ಟಿ ತಿಂದರು, ನಮಗೆ ತಮ್ಮ ರೊಟ್ಟಿ ಕೊಟ್ಟರು. ಮಾಸ್ತರು ದೂರದ ದೇಶಕ್ಕೆ ಹೊರಟಿದ್ದಾರೆಂದು ತಿಳಿದ ಮೇಲೆ ಒಬ್ಬಾಕೆ ಹೊಲದಿಂದ ಉಳ್ಳಾಗಡ್ಡಿ ಕಿತ್ತು ತಂದಳು. ಇನ್ನೊಬ್ಬರು ಉಡಿ ತುಂಬ ಹಸಿ ಕಡ್ಲಿ ತಂದು ಚೀಲದಲ್ಲಿ ಸುರಿದರು. ಒಲ್ಲೆ ಎನ್ನಲು ಕಾಕಾನಿಗೆ ಬಾಯಿ ಬರಲಿಲ್ಲ. ಬೇವಿನ ನೆರಳಿನಿಂದ ಎದ್ದಾಗ ಚೀಲದ ಪಟ್ಟಿ ಕರಕರ ಎಂದಿತು.

ಬಬಲೇಶ್ವರದಲ್ಲಿ ಮಾಮಾ, ಎಂದರೆ ಆಯಿಯ ಅಣ್ಣ, ಆ ರಾತ್ರಿ ಕಾಕಾನ ಹೆಗಲಿಗೆ ಕುಸುಬಿ ಎಣ್ಣೆ ಹಚ್ಚಿಸಿದ. ಚರ್ಮ ಕಿತ್ತುಹೋಗಿತ್ತು. ಬೆಳಿಗ್ಗೆ ನೋಡಿದರೆ ಆ ಮನೆಯವರೂ ಗಂಟು ಕಟ್ಟಿಟ್ಟಿದ್ದರು, ಅಂಗಳದಲ್ಲಿ ಎತ್ತು ಹೂಡಿದ ಚಕ್ಕಡಿ ನಿಂತಿತ್ತು. ತನ್ನ ತಂಗಿಗೆ ತಾನು ಹೇಳಿಕೊಳ್ಳುತ್ತೇನೆ, ಸುಮ್ಮನೆ ಹತ್ತು ಎಂದು ಮಾಮಾ ಒತ್ತಾಯ ಮಾಡಿದ.

ಕಾಕಾ ಚಕ್ಕಡಿಯನ್ನು ಬಹಳ ಹೊತ್ತು ನೋಡಿದ. ಹತ್ತಿದರೆ ಬಸ್ರಾ ಇಲ್ಲ. ಆಮೇಲೆ ಅವನು ಕಟ್ಟೆಯ ಮೇಲೆ ಕುಳಿತು ಚೀಲ ಬಿಚ್ಚಿದ. ಬೂಟು ಹೊರಗೆ ಬಂತು, ಕೋಟು ಬಂತು, ಸ್ಟೋ, ಕನ್ನಡಿ, ನಿಘಂಟು, ಒಂದನ್ನು ಬಿಟ್ಟು ಉಳಿದ ಅಂಗಿಗಳೆಲ್ಲ ಬಂದವು. ರೊಟ್ಟಿಯ ಗಂಟುಗಳನ್ನು ಅವನು ಮುಟ್ಟಲಿಲ್ಲ.

"ರೊಟ್ಟಿ ಬಿಟ್ಟ ಹೋಗೋ ಯಪ್ಪಾ," ಎಂದ ಮಾಮಾ. "ಕೋಟ ಯಾಕ ಬಿಡ್ತಿ?"

"ರೊಟ್ಟಿ ಬಿಟ್ರ ಅಕ್ಕ ಕೇಳ್ತಾಳ ಮಾಮಾ. ಕೋಟ ಯಾರ ಕೇಳ್ತಾರ?"

ಮಾಮಾ ಧೋತರ, ರುಮಾಲಿನ ಜೊತೆಗೆ ಆ ಕೋಟು ತೊಟ್ಟು ಊರ ಹೊರಗಿನವರೆಗೆ ನಮ್ಮನ್ನು ಕಳಿಸಲು ಬಂದ. ಅವನು ಕೋಟಿನ ಕಿಸೆಯಲ್ಲಿ ಕೈ ಇಟ್ಟುಕೊಂಡು ನಿಂತದ್ದು ನನಗೆ ಸ್ಪಷ್ಟವಾಗಿ ಕಾಣುತ್ತದೆ. ಇಷ್ಟು ಸ್ಪಷ್ಟವಾಗಿ ಕಾಣುವುದರಿಂದಲೇ ಸಂಶಯ. ಕಾಕಾ ಈ ಕತೆಯನ್ನು ಎಷ್ಟೋ ಸಲ ಹೇಳಿದ್ದಾನೆ, ಮಾಮಾನ ಕೈಯನ್ನು ಕಿಸೆಯಲ್ಲಿ ಇಡಿಸಿದ್ದು ಅವನ ಮಾತೇ ಇರಬಹುದು.

ವಾಪಸು ಬರುವಾಗ ಕಾಖಂಡಕಿಯ ಬಸ್ಸು ನಮ್ಮನ್ನು ಕಂಡು ನಿಂತಿತು. ಕಂಡಕ್ಟರ್ "ಹತ್ತರಿ ಮಾಸ್ತರ" ಎಂದ. ಕಾಕಾ ಕೈ ಮುಗಿದ. ನಾನು ಹತ್ತಬಹುದಿತ್ತು, ನನಗೆ ಯಾವ ಷರತ್ತೂ ಇರಲಿಲ್ಲ. ದಿನಚರಿಯಲ್ಲಿರುವ ಆ ಬೊಬ್ಬೆಗಳು ಇಲ್ಲಿಯವೇ.

ಮನೆಯಲ್ಲಿ ಆಯಿ ಮೊದಲು ನನ್ನನ್ನು ಕೇಳಿದಳು, "ಗಾಡಿ ಹತ್ತಿದ್ನೇನ ಬೇ?" ಇಲ್ಲ ಎಂದೆ. ಅವಳು ಚೀಲ ಬಿಚ್ಚಿದಳು. ಗಂಟು, ಗಂಟು, ಮತ್ತೊಂದು ಗಂಟು. ತಳದಲ್ಲಿ ಕಂಬಳಿ, ಒಂದು ಅಂಗಿ, ಬಣ್ಣದ ಡಬ್ಬಿ.

"ಕೋಟ ಎಲ್ಲಿ?"

"ಮಾಮಾನ ಮೈಮ್ಯಾಲ."

"ಅವಂಗ ಹ್ಯಾಂಗ ಕಾಣತೈತಿ?"

"ನನಗಿಂತ ಚಂದ ಕಾಣತೈತಿ ಬೇ ಅವ್ವಾ."

ಆಯಿ ನಕ್ಕಳೋ ಇಲ್ಲವೋ ನೆನಪಿಲ್ಲ. ಉಳ್ಳಾಗಡ್ಡಿ, ಕಡ್ಲಿಯನ್ನು ಒಳಗೆ ಒಯ್ದಳು. ಉಳಿದದ್ದನ್ನು ತಾನೇ ಕೂತು ಮತ್ತೆ ತುಂಬಿದಳು. ಕೆಳಗೆ ಕಂಬಳಿ, ಅದರ ಮಡಿಕೆಯಲ್ಲಿ ಡಬ್ಬಿ, ಮೇಲೊಂದು ಧೋತರ. ಧೋತರ ಇದ್ದರೆ ಹಾಸಲಿಕ್ಕಾಯಿತು, ಹೊದೆಯಲಿಕ್ಕಾಯಿತು, ಭಾವಿಗೆ ಬಿಡುವ ಹಗ್ಗವೂ ಆಯಿತು ಎಂದಳು. ಅವಳು ಒಪ್ಪಿದ್ದು ಹೀಗೆ. ಹೂಂ ಎಂಬ ಮಾತು ಕೊನೆಗೂ ಬರಲಿಲ್ಲ.

ಅವನು ಹೊರಟ ದಿನ ಸ್ಟೇಷನ್ನಿನಲ್ಲಿ, ರೈಲು ಅಲುಗುವ ಹೊತ್ತಿಗೆ, ಆಯಿ ಅದೇ ಕೆಂಪು ಅಂಚಿನ ಬಟ್ಟೆಯಲ್ಲಿ ಕಟ್ಟಿದ ಬುತ್ತಿಯನ್ನು ಕಿಟಕಿಯೊಳಗೆ ಕೊಟ್ಟಳು. ಇದನ್ನು ಯಾರಿಗೆ ಮುಟ್ಟಿಸಬೇಕೆಂದು ಕಾಕಾ ಕೇಳಿದ.

"ಹಸದವರು ಸಿಕ್ರ ಅವರಿಗೆ. ನೀ ಹಸದ್ರ ನಿನಗ," ಎಂದಳು. "ಬಟ್ಟಿ ಬರೇ ತರಬ್ಯಾಡ."

ಹಡಗಿನ ಅಟ್ಟದ ಮೇಲೆ ಕಟಕ ರೊಟ್ಟಿ ಹಂಚಿದ್ದು, ಅಗಸಿ ಚಟ್ನಿ ತುರ್ಕಸ್ತಾನದವರೆಗೆ ಬಂದದ್ದು, ಕೋಟಿಲ್ಲದ ಚಳಿಗೆ ಕಂಬಳಿ ಸಾಕಾದದ್ದು ಇವನ್ನೆಲ್ಲ ಅವನು ಬಂದ ಮೇಲೆ ಹೇಳಿದ. ಬಂದದ್ದು ಎರಡು ವರ್ಷಗಳ ನಂತರ, ಚೀಲ ಹರಿದು ಹೊಲಿಗೆಯೇ ಹೆಚ್ಚಾಗಿತ್ತಂತೆ. ನಾನು ಆಗ ಧಾರವಾಡದಲ್ಲಿ ಪರೀಕ್ಷೆಗೆ ಕೂತಿದ್ದೆ. ನನ್ನ ಅವ್ವ ಹೇಳಿದ್ದನ್ನಷ್ಟೇ ನಾನು ಬಲ್ಲೆ. ಅವನು ಹೊಸ್ತಿಲಲ್ಲೇ ನಿಂತು ಆ ಬಟ್ಟೆಯ ಗಂಟನ್ನು ಆಯಿಯ ಕೈಗೆ ಕೊಟ್ಟನಂತೆ. ಬಟ್ಟೆ ಬರಿದಾಗಿರಲಿಲ್ಲ. ಆಯಿ ಅಡಿಗೆ ಮನೆಯಲ್ಲಿ ಎಲ್ಲರಿಗೂ ಬೆನ್ನು ಮಾಡಿ ಬಿಚ್ಚಿದಳು, ನೋಡಿದಳು, ಮತ್ತೆ ಕಟ್ಟಿ ತನ್ನ ಟ್ರಂಕಿನಲ್ಲಿಟ್ಟಳು. ಆಮೇಲೆ ಮಗನಿಗೆ ಬಡಿಸಲು ಕೂತಳು. ಅವಳು ಹೋದ ಮೇಲೆ ಟ್ರಂಕು ತೆಗೆದಾಗ ಬಟ್ಟೆ ಒಗೆದು ಮಡಿಚಿಟ್ಟಿತ್ತು, ಒಳಗೆ ಏನೂ ಇರಲಿಲ್ಲ.

ಕಾಕಾ ಈಗ ಮುದುಕ. ಗುಮ್ಮಟಗಳ ಬಗ್ಗೆ ಕೇಳಿದರೆ ಒಂದೊಂದನ್ನೂ ಗೆರೆ ಎಳೆದು ತೋರಿಸುತ್ತಾನೆ. ಹೋದ ಸಲ ಹೋದಾಗ ನಾನು ಕೇಳಿಯೇಬಿಟ್ಟೆ. ಅವನು ಚಹಾದ ಬಸಿಯನ್ನು ನಿಧಾನವಾಗಿ ಕೆಳಗಿಟ್ಟು, ಧಾರವಾಡದಲ್ಲಿ ಮಳೆ ಹೇಗೆ ಎಂದು ವಿಚಾರಿಸಿದ. ನಾನು ಕೇಳಿದ್ದು ಇಷ್ಟೇ:

"ಕಾಕಾ, ಆಯಿ ಬಟ್ಟಿಯೊಳಗ ಏನ ಕಟಗೊಂಡ ಬಂದಿದ್ದಿ?"