ಇನ್ನೂರ ಹನ್ನೆರಡು ಫೋನುಗಳಿಗೆ ಜಾಗ ಮಾಡಿಕೊಟ್ಟವರು

ಬೆಳಗಿನ ಐದು ಗಂಟೆ. ಅಫಜಲಪುರ ತಾಲ್ಲೂಕಿನ ಕರಜಗಿಯ ಒಂದು ಮಾಳಿಗೆಯ ಮೇಲೆ ಹಳೆಯ ಕೌದಿ ಹಾಸಿಕೊಂಡು ಶಿವಕಾಂತಾ ಕುಳಿತಿದ್ದಾರೆ. ಎದುರಿಗೆ ಸಾಲಾಗಿ ಒಂಬತ್ತು ಫೋನು. ಒಂದನ್ನು ಬಿಟ್ಟು ಎಲ್ಲದರ ಬೆನ್ನಿಗೂ ಬಿಳಿ ಪಟ್ಟಿ ಅಂಟಿಸಿ ಊರು, ಹೆಸರು ಬರೆದಿದ್ದಾರೆ. ತೊಡೆಯ ಮೇಲೆ ಮೂಲೆ ಒಡೆದ ಲ್ಯಾಪ್‌ಟಾಪು, ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬಿಯೊಳಗೆ ಪಿನ್ನು, ಕೇಬಲ್, ಕಾರ್ಡ್ ರೀಡರ್. ಊರಿನ ಟವರಿಗೆ ಜೀವ ಇರುವುದು ಈ ಹೊತ್ತಿನಲ್ಲಿ ಮಾತ್ರ. ಏಳು ಗಂಟೆಗೆ ಜನ ಎದ್ದು ರೀಲ್ಸ್ ನೋಡಲು ಶುರು ಮಾಡಿದರೆ ಮುಗಿಯಿತು, ಒಂದು ಫೋಟೊ ಮೇಲೇರಲು ಅರ್ಧ ಗಂಟೆ ಬೇಕು.

"ಜರಾ ಮಾತಾಡಿಸಬ್ಯಾಡ್ರಿ. ಇದೊಂದು ಹೋಗ್ಲಿ," ಎನ್ನುತ್ತಾರೆ. ಪರದೆಯ ಮೇಲೆ ಮೂವತ್ತೊಂದು ಮಕ್ಕಳ ತೂಕ, ಎತ್ತರ, ಮುಖದ ಫೋಟೊ ಒಂದೊಂದಾಗಿ ಹೋಗುತ್ತಿವೆ. ಕೊನೆಯದು ಹೋದ ಮೇಲೆ ಎರಡು ಸಲ ಎಣಿಸುತ್ತಾರೆ. ಆಮೇಲೆ ಫೋನನ್ನು ಪೂರ್ತಿ ಅಳಿಸುವ ಗುಂಡಿ ಒತ್ತುತ್ತಾರೆ. ಮೂರು ವರ್ಷದ ಹಿಂದೆ ನಲವತ್ತು ನಿಮಿಷ ಕುಳಿತು ತಾವೇ ಮಾಡಿದ್ದ ಕೆಲಸ ಅದರ ಜೊತೆಗೇ ಅಳಿಸಿಹೋಗುತ್ತದೆ.

ಜೇವರ್ಗಿ, ಅಫಜಲಪುರ, ಆಳಂದ, ಈ ಮೂರು ತಾಲ್ಲೂಕುಗಳ ಇನ್ನೂರ ಹನ್ನೆರಡು ಅಂಗನವಾಡಿ ಕಾರ್ಯಕರ್ತೆಯರ ಫೋನಿಗೆ ಶಿವಕಾಂತಾ ಜಾಗ ಮಾಡಿಕೊಟ್ಟಿದ್ದಾರೆ. ಈಗ ಅಷ್ಟನ್ನೂ ಈ ತಿಂಗಳ ಇಪ್ಪತ್ತೈದರೊಳಗೆ ಮೊದಲಿನಂತೆ ಮಾಡಬೇಕೆಂದು ಮೇಲಿನಿಂದ ಆದೇಶ ಬಂದಿದೆ. ಆಗದಿದ್ದರೆ ಆ ಹೆಣ್ಣುಮಕ್ಕಳ ಗೌರವಧನಕ್ಕೆ ಕತ್ತರಿ. ನಾನು ಹೋದ ದಿನಕ್ಕೆ ನೂರ ನಲವತ್ತೊಂದು ಮುಗಿದಿದ್ದವು. ಉಳಿದವು ಎಪ್ಪತ್ತೊಂದು, ಉಳಿದ ದಿನ ಎಂಟು.

ಇದನ್ನು ಕೇಳಿ ನನಗೆ ಸಿಟ್ಟು ಬಂತು. ಅವರು ಮಾತ್ರ ಕೇಬಲ್ಲಿನ ಧೂಳು ಊದಿ ಮುಂದಿನ ಫೋನಿಗೆ ಚುಚ್ಚಿದರು.

ಅಂಗನವಾಡಿಗೆ ಕೊಟ್ಟ ಫೋನುಗಳ ಹಣೆಬರಹ ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳಬೇಕು. ಒಳಗಿನ ಜಾಗ ಹದಿನಾರು ಜಿ.ಬಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಂಪನಿಯದೇ ಸಾಮಾನು, ಬೇಡವೆಂದರೂ ತೆಗೆಯಲು ಬರುವುದಿಲ್ಲ. ಉಳಿದದ್ದರಲ್ಲಿ ಕೆಲಸದ ಆ್ಯಪು, ಅದು ತಿಂಗಳು ತಿಂಗಳು ದಪ್ಪವಾಗುತ್ತಲೇ ಹೋಗುತ್ತದೆ. ಮೇಲೆ ಫೋಟೊಗಳು. ಮಗು ಬಂದ ಫೋಟೊ, ಮಗು ತೂಗಿದ ಫೋಟೊ, ಮೊಟ್ಟೆಯ ಫೋಟೊ, ಮೊಟ್ಟೆ ತಿನ್ನುವ ಮಗುವಿನ ಫೋಟೊ, ತಿಂದು ಕೈ ತೊಳೆದ ಫೋಟೊ. ಮೊಟ್ಟೆ ಬಾರದ ವಾರದಲ್ಲಿ ಮಾತ್ರ ಯಾರೂ ಫೋಟೊ ಕೇಳುವುದಿಲ್ಲ. ಒಂದು ದಿನ ಫೋನು 'ಜಾಗ ಇಲ್ಲ' ಎಂದು ಕೈ ಎತ್ತುತ್ತದೆ. ಮುಖದ ಫೋಟೊ ಏರದಿದ್ದರೆ ಆ ತಾಯಿಗೆ ಆ ತಿಂಗಳ ಪೌಷ್ಟಿಕ ಆಹಾರದ ಪೊಟ್ಟಣ ಇಲ್ಲ. ಅವಳು ಬಂದು ಜಗಳ ಮಾಡುವುದು ಆ್ಯಪು ಮಾಡಿದವರ ಹತ್ತಿರ ಅಲ್ಲ, ಓಣಿಯಲ್ಲೇ ಇರುವ ಅಂಗನವಾಡಿ ಟೀಚರ ಹತ್ತಿರ.

ಇದಕ್ಕೆ ಶಿವಕಾಂತಾ ಕಂಡುಕೊಂಡ ದಾರಿಯನ್ನು ಅವರ ಬಾಯಿಂದಲೇ ಕೇಳಿ: "ಫೋನ್ ನಮ್ಮ ಕೈಯಾಗ ಅದ, ಬೀಗ ಕಂಪ್ನಿ ಕೈಯಾಗ. ಆ ಬೀಗದ ಕೀಲಿ ನಾವು ತಗೊಳ್ಳೋದಕ್ಕ ರೂಟ್ ಮಾಡೋದು ಅಂತಾರ್ರಿ. ಕೀಲಿ ಸಿಕ್ತಂದ್ರ ಮೆಮರಿ ಕಾರ್ಡ್ ಎರಡು ಭಾಗ ಮಾಡ್ತೇನಿ. ದೊಡ್ಡ ಭಾಗ ಫೋಟೊಕ್ಕ, ಸಣ್ಣ ಭಾಗದಾಗ ಆ್ಯಪ್ ಇಡ್ತೇನಿ. ಫೋನಿಗಿ ಮಾತ್ರ ಆ್ಯಪ್ ತನ್ನ ಒಳಗೇ ಅದ ಅಂತ ಅನಸ್ತದ. ಮನ್ಯಾಗ ಜ್ವಾಳದ ಚೀಲ ಹೆಚ್ಚಾದ್ರ ಹೊರಗಿನ ಖೋಲ್ಯಾಗ ಇಡಂಗಿಲ್ಲೇನ್ರಿ? ಅಷ್ಟೇ."

ಅಷ್ಟೇ ಅಲ್ಲ ಎಂದು ಅವರಿಗೂ ಗೊತ್ತು. ನಡುವೆ ಚಾರ್ಜು ಮುಗಿದರೆ, ಕೇಬಲ್ ಅಲುಗಿದರೆ ಫೋನು ಕಲ್ಲಾಗುತ್ತದೆ. "ಎರಡು ಫೋನ್ ನನ್ನ ಕೈಯಾಗೇ ಸತ್ತಾವ್ರಿ. ಸುಳ್ಳ್ಯಾಕ ಹೇಳ್ಲಿ? ಎರಡೂ ನಾನೇ ಕೊಡಿಸೇನಿ," ಎನ್ನುತ್ತಾರೆ.

ಶಿವಕಾಂತಾ ಪಿಯುಸಿ ಓದಿದವರು. ವಯಸ್ಸು ಮೂವತ್ತನಾಲ್ಕು. ಕಲಬುರಗಿಯಲ್ಲಿ ಹೆಣ್ಣುಮಕ್ಕಳಿಗೆಂದು ನಡೆದ ಮೂವತ್ತು ದಿನದ ಮೊಬೈಲ್ ರಿಪೇರಿ ತರಬೇತಿಗೆ ಹೋದ ಇಪ್ಪತ್ತೈದು ಮಂದಿಯಲ್ಲಿ ಇವರೂ ಒಬ್ಬರು. ಇಪ್ಪತ್ತೈದು ಮಂದಿಗೂ ಪ್ರಮಾಣಪತ್ರ, ಒಂದೊಂದು ಸ್ಕ್ರೂಡ್ರೈವರ್ ಪೆಟ್ಟಿಗೆ, ವೇದಿಕೆಯ ಮೇಲೆ ಫೋಟೊ. ಆಮೇಲೆ ಕೆಲಸ ಮುಂದುವರಿಸಿದ್ದು ಇವರೊಬ್ಬರೇ. ತವರಿನ ಬೆಂಡೋಲೆ ಮಾರಿ ಹಳೆಯ ಲ್ಯಾಪ್‌ಟಾಪು ತಂದರು. ಗಂಡ ಶಾಂತಕುಮಾರ ಲಾರಿ ಡ್ರೈವರ್, ಗಡಿಯ ಖಜೂರಿ ದಾಟಿ ಮಹಾರಾಷ್ಟ್ರಕ್ಕೆ ಹೋಗಿಬರುವವರು. "ಮೊದ್ಲು ನಗ್ತಿದ್ರು. ಈಗ ಯಾರರ ಕೇಳಿದ್ರ, ನನ್ನ ಹೇಣ್ತಿ ಫೋನ್ ಡಾಕ್ಟರ್ ಅಂತ ಅವರೇ ಹೇಳ್ತಾರ," ಎಂದು ಮೊದಲ ಸಲ ಸ್ವಲ್ಪ ನಗುತ್ತಾರೆ.

ಹೆಣ್ಣುಮಕ್ಕಳು ಇವರನ್ನೇ ಹುಡುಕಿಕೊಂಡು ಬರುವುದಕ್ಕೆ ಕಾರಣ ಬೇರೆ. ಪೇಟೆಯ ಅಂಗಡಿಯಲ್ಲಿ ಫೋನು ಕೊಟ್ಟರೆ ಗಂಡಸರ ಕೈಗೆ ಹೋಗುತ್ತದೆ. ಅದರೊಳಗೆ ಬಾಣಂತಿಯರ ಫೋಟೊ, ಮನೆಯವರ ಫೋಟೊ, ಊರಿನ ಹೆಣ್ಣುಮಕ್ಕಳ ನಂಬರು ಎಲ್ಲ ಇರುತ್ತವೆ. ಶಿವಕಾಂತಾ ಫೋನಿನ ಒಡತಿಯನ್ನು ಎದುರಿಗೆ ಕೂರಿಸಿಕೊಂಡೇ ಬಿಚ್ಚುತ್ತಾರೆ. ಮೂರು ತಾಲ್ಲೂಕಿನಲ್ಲೂ ತಿಂಗಳಿಗೊಮ್ಮೆ ಕಾರ್ಯಕರ್ತೆಯರ ಮೀಟಿಂಗ್ ಇರುತ್ತದೆ. ಆ ದಿನ ಇವರೂ ಬಸ್ಸು ಹತ್ತಿ ಹೋಗುತ್ತಾರೆ. ಜೇವರ್ಗಿಯಲ್ಲಿ ಯಾಕೂಬಸಾಬ ತಮ್ಮ ಜೆರಾಕ್ಸ್ ಅಂಗಡಿಯ ಅರ್ಧ ಮೇಜು ಬಿಟ್ಟುಕೊಡುತ್ತಾರೆ. ಅಫಜಲಪುರದಲ್ಲಿ ಬೇವಿನ ಕಟ್ಟೆ, ಆಳಂದದಲ್ಲಿ ಒಂದು ಹೊಲಿಗೆ ಅಂಗಡಿಯ ಮೆಟ್ಟಿಲು. ದಿನಕ್ಕೆ ಆರು ಫೋನು, ಬಹಳವೆಂದರೆ ಏಳು. ಮೀಟಿಂಗಿನೊಳಗೆ 'ಜಾಗ ಇಲ್ಲ' ಎಂದು ಅತ್ತವರಿಗೆ, 'ಹೊರಗೆ ಆಕೆ ಕೂತಿದ್ದಾಳಲ್ಲ, ಮಾಡಿಸಿಕೊಂಡು ಬಾ' ಎಂದು ಕಳಿಸುತ್ತಿದ್ದದ್ದು ಮೇಲ್ವಿಚಾರಕಿಯರೇ. ಇದನ್ನು ಈಗ ಅವರಿಗೆ ನೆನಪಿಸಿ ನೋಡಿ, ನಾವಾ, ಯಾವಾಗ ಅನ್ನುತ್ತಾರೆ.

ಹೀಗೆ ಮಾಡಿದ ಫೋನಿಗೆ ಒಂದೇ ಪಥ್ಯ. ಕಾರ್ಡು ಹೊರಗೆ ತೆಗೆಯಬಾರದು. ತೆಗೆದರೆ ಆ್ಯಪೂ ಹೋಯಿತು, ಅದರೊಳಗಿನ ಲೆಕ್ಕವೂ ಹೋಯಿತು. ಶಿವಕಾಂತಾ ಇದನ್ನು ಮೂರು ಸಲ ಹೇಳುತ್ತಾರೆ, ಫೋನಿನ ಒಡತಿಯಿಂದ ಒಂದು ಸಲ ಹೇಳಿಸುತ್ತಾರೆ, ಕಾರ್ಡಿನ ಬಾಯಿಗೆ ಒಂದು ಹನಿ ನೇಲ್ ಪಾಲಿಶ್ ಹಾಕಿ ಮುಚ್ಚುತ್ತಾರೆ. ಆದರೆ ನಮ್ಮ ಕಡೆ ಮೆಮರಿ ಕಾರ್ಡು ಒಬ್ಬರ ಸೊತ್ತಲ್ಲವಲ್ಲ! ಹೆಪ್ಪಿನ ಮೊಸರಿನ ಹಾಗೆ ಮನೆಯಿಂದ ಮನೆಗೆ ಹೋಗುತ್ತದೆ. ಮದುವೆಗೆ, ಕಣಕ್ಕೆ, ಟ್ರ್ಯಾಕ್ಟರಿಗೆ ಹಾಡು ತುಂಬಿಸಿಕೊಂಡು ಬರಲು ಯಾರ ಫೋನಿನ ಕಾರ್ಡಾದರೂ ನಡೆಯುತ್ತದೆ. ಕೇಳುವ ರೂಢಿಯೂ ಇಲ್ಲ.

ಭೀಮಾ ದಂಡೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ನಡೆಸುವ ನಿಂಬೆವ್ವನ ಮನೆಯಲ್ಲಿ ಆದದ್ದು ಇದೇ. ಈ ಜನವರಿಯಲ್ಲಿ, ಕಬ್ಬಿನ ಕಟಾವಿನ ಕಾಲದಲ್ಲಿ, ನಿಂಬೆವ್ವನ ಮೈದುನ ಅಣ್ಣಾರಾಯ ಕಬ್ಬಿನ ಟ್ರ್ಯಾಕ್ಟರಿಗೆ ಹೊಸ ಸ್ಪೀಕರ್ ಹಾಕಿಸಿದ. ಸ್ಪೀಕರ್ ಬಂದ ಮೇಲೆ ಹಾಡು ಬೇಡವೇ? ಅತ್ತಿಗೆಯ ಫೋನು ಚಾರ್ಜಿಗೆ ಇತ್ತು. ನೇಲ್ ಪಾಲಿಶನ್ನು ಉಗುರಿನಿಂದ ಕೆರೆದು ಕಾರ್ಡು ತೆಗೆದ, ಪೇಟೆಯ ಹಾಡು ತುಂಬುವ ಅಂಗಡಿಗೆ ಕೊಟ್ಟ. ಎರಡು ಭಾಗವಾದ ಕಾರ್ಡಿನ ಸಣ್ಣ ಭಾಗ ಅಂಗಡಿಯ ಕಂಪ್ಯೂಟರಿಗೆ ಓದಲು ಬರಲಿಲ್ಲ. ಇದು ಕೆಟ್ಟಿದೆ, ಅಳಿಸಿ ಸರಿ ಮಾಡಲೇ ಎಂದು ಅದು ಕೇಳಿತು. ಅಂಗಡಿಯವನು ಹೌದು ಎಂದು ಒತ್ತಿದ. ಟ್ರ್ಯಾಕ್ಟರು ಊರೆಲ್ಲ ಕೇಳುವ ಹಾಗೆ ಹಾಡುತ್ತಾ ಬಂತು. ಟವರ್ ಸಿಗದೆ ಹನ್ನೆರಡು ದಿನದಿಂದ ಕಳಿಸಲಾಗದೆ ಕೂತಿದ್ದ ಮೂವತ್ತೆಂಟು ಮಕ್ಕಳ ಲೆಕ್ಕ ಒಂದೂ ಉಳಿಯಲಿಲ್ಲ.

ಆ ತಿಂಗಳು ಮೂವತ್ತೆಂಟು ಮನೆಗೂ ಪೊಟ್ಟಣ ಬರಲಿಲ್ಲ. ತಾಯಂದಿರು ನಿಂಬೆವ್ವನ ಬಾಗಿಲಿಗೆ ಬಂದು ಬಾಯಿಗೆ ಬಂದಂತೆ ಬೈದರು. ಇಲಾಖೆಯಿಂದ ವಿಚಾರಣೆಗೆ ಬಂದವರು ಫೋನು ತಿರುಗಿಸಿ ನೋಡಿದರು, ಬೀಗ ತೆಗೆದದ್ದು ಕಂಡಿತು. ಹದಿನಾರು ಜಿ.ಬಿ.ಯಲ್ಲಿ ಈ ಸಂಸಾರ ಹೇಗೆ ನಡೆಯಬೇಕು ಎಂದು ಯಾರೂ ಕೇಳಲಿಲ್ಲ. ಯಾರು ಮಾಡಿಕೊಟ್ಟರು ಎಂದಷ್ಟೇ ಕೇಳಿದರು. ನಿಂಬೆವ್ವ ಹೇಳಿದರು.

"ಹೇಳ್ದೆ, ಏನ್ ಮಾಡ್ಲಿ?" ಎಂದು ನಿಂಬೆವ್ವ ನನ್ನೆದುರು ಸೆರಗಿನಿಂದ ಮುಖ ಮುಚ್ಚಿಕೊಂಡರು. "ತಪ್ಪು ನಮ್ಮ ಮನೀದು. ಅಣ್ಣಾರಾಯ ಮಾಡಿದ್ದು. ಗೂಬಿ ಮಾತ್ರ ಆಕಿ ತಲಿ ಮ್ಯಾಲ ಕುಂತದ. ಆಕಿ ಬಂದು ನನಗೇ ಸಮಾಧಾನ ಹೇಳಿ ಹೋದಳ್ರಿ. ಅದಕ್ಕಿಂತ ಹೊಡದಿದ್ರ ಚಲೋ ಇತ್ತು."

ಆದೇಶ ಬಂದದ್ದು ಇದಾದ ಮೇಲೆ. ಮೂರೂ ತಾಲ್ಲೂಕಿನಲ್ಲಿ ಬೀಗ ತೆಗೆದ ಫೋನುಗಳನ್ನೆಲ್ಲ ಕಲಬುರಗಿಯ ಸರ್ವಿಸ್ ಸೆಂಟರಿಗೆ ಸ್ವಂತ ಖರ್ಚಿನಲ್ಲಿ ಒಯ್ದು ಮೊದಲಿನಂತೆ ಮಾಡಿಸಬೇಕು. ಹೆಣ್ಣುಮಕ್ಕಳು ಬಸ್ಸು ಹತ್ತಿ ಹೋದರು. ಈ ಮಾಡೆಲ್ ಹಳೆಯದು, ನಮ್ಮ ಹತ್ತಿರ ಇದರ ಮೂಲ ಸಾಫ್ಟ್‌ವೇರ್ ಫೈಲ್ ಇಲ್ಲ, ಯಾರು ಬಿಚ್ಚಿದರೋ ಅವರ ಹತ್ತಿರವೇ ಹೋಗಿ ಎಂದು ಸೆಂಟರಿನವರು ಕೈ ತೊಳೆದುಕೊಂಡರು. ಹೀಗೆ ಕಳ್ಳ ಕೆಲಸ ಎಂದು ಯಾವುದನ್ನು ಕರೆದರೋ, ಅದನ್ನು ಸರಿ ಮಾಡುವ ಹೊಣೆ ಮತ್ತೆ ಕರಜಗಿಯ ಮಾಳಿಗೆಗೇ ಬಂತು. ಜಾಗ ಮಾಡುವಾಗ ಫೋನಿಗೆ ನೂರೈವತ್ತು ರೂಪಾಯಿ ತೆಗೆದುಕೊಂಡ ಶಿವಕಾಂತಾ ಮೊದಲಿನಂತೆ ಮಾಡುವುದಕ್ಕೆ ಒಂದು ಪೈಸೆ ಮುಟ್ಟುತ್ತಿಲ್ಲ.

ಬಿಟ್ಟುಬಿಡಬಹುದಿತ್ತಲ್ಲ ಎಂದು ಕೇಳಿದೆ. "ಬಿಟ್ರ ಯಾರು ಮಾಡ್ತಾರ್ರಿ?" ಎಂದು ಸಿಟ್ಟಿನಿಂದಲೇ ಕೇಳಿದರು. "ಮಂದಿ ಕಡೆ ಕೊಟ್ರ ಕಳಿಸಿಲ್ಲದ್ದನ್ನ ನೋಡದೇ ಅಳಿಸಿಬಿಡ್ತಾರ. ಮತ್ತ ಮೂವತ್ತೆಂಟು ಮನೀಗಿ ಪೊಟ್ಟಣ ಹೋಗಂಗಿಲ್ಲ. ಒಂದೊಂದು ಮಗು ಎಣಿಸಿ ಕಳಿಸಿ ಆಮ್ಯಾಲೇ ಅಳಿಸಾಕತ್ತೇನಿ."

ಅಷ್ಟರಲ್ಲಿ ಮಾಳಿಗೆಯ ಏಣಿ ಹತ್ತಿ ಒಬ್ಬರು ಬಂದರು. ಖಜೂರಿ ಕಡೆಯ ಕಾರ್ಯಕರ್ತೆ ಶಿವಗಂಗಾ. ಅಫಜಲಪುರದ ನೆಂಟರ ಮನೆಯಲ್ಲಿ ಉಳಿದು ಮೊದಲ ಬಸ್ಸಿಗೆ ಬಂದಿದ್ದಾರೆ. ಆರು ದಿನದ ಹಿಂದೆ ಇವರ ಫೋನು ಮೊದಲಿನಂತೆ ಆಗಿದೆ. ಮೊದಲಿನಂತೆಯೇ ಆಗಿದೆ, 'ಜಾಗ ಇಲ್ಲ' ಅನ್ನುತ್ತಿದೆ.

"ಅಕ್ಕಾ, ಒಂದ್ಸಲ ಮೊದ್ಲಿನಂಗ ಮಾಡಿಕೊಡು. ಯಾರಿಗೂ ಹೇಳಂಗಿಲ್ಲ. ನನ್ನ ಮಕ್ಕಳ ಆಣಿ."

ಶಿವಕಾಂತಾ ಫೋನು ತೆಗೆದುಕೊಂಡರು. ಒಳಗೆ ಏನೇನಿದೆ ನೋಡಿದರು. ಅಳಿಸಬಹುದಾದ ನಾಲ್ಕಾರು ಅಳಿಸಿದರು. ಅದರಿಂದ ನಾಲ್ಕು ದಿನ ನಡೆಯಬಹುದು. ವಾಪಸು ಕೊಟ್ಟು, "ಇಲ್ಲವ್ವ. ಆಗಂಗಿಲ್ಲ," ಎಂದರು. ಶಿವಗಂಗಾ ಏಣಿ ಇಳಿದು ಹೋದರು.

"ಮೂರು ವರ್ಷದಾಗ ಆಗಂಗಿಲ್ಲ ಅಂತ ಯಾರಿಗೂ ಅಂದಿಲ್ಲರಿ ನಾ. ಆಗ್ತದಂತ ಗೊತ್ತಿದ್ದೂ ಆಗಂಗಿಲ್ಲ ಅನ್ನೋದು ಭಾಳ ತ್ರಾಸ ನೋಡ್ರಿ," ಎಂದು ಕಣ್ಣೊರೆಸಿಕೊಂಡರು. ಮತ್ತೆ ಕೇಬಲ್ ಹಿಡಿದರು.

ಸಾಲಿನ ಕೊನೆಯಲ್ಲಿ ಪಟ್ಟಿ ಇಲ್ಲದ ಒಂದು ಫೋನು ಇತ್ತು. ಯಾರದೆಂದು ಕೇಳಿದೆ. ಅದು ಮೇಲ್ವಿಚಾರಕಿಯೊಬ್ಬರದು. ವಿಚಾರಣೆಯ ದಿನ ನಿಂಬೆವ್ವನನ್ನು ಎಲ್ಲರೆದುರು ಬೈದವರೇ ಇವರು. ಅವರ ಫೋನಿಗೂ ಶಿವಕಾಂತಾ ಹಿಂದೆಯೇ ಜಾಗ ಮಾಡಿಕೊಟ್ಟಿದ್ದರು. ಬೇರೆಯವರ ಕೈಯಲ್ಲಿ ಕೊಟ್ಟುಕಳಿಸಿದ್ದಾರೆ, ಹೆಸರು ಬರೆಯಬೇಡ ಎಂದು ಹೇಳಿಕಳಿಸಿದ್ದಾರೆ. ನಾನಾಗಿದ್ದರೆ ಅದನ್ನು ಮಾಳಿಗೆಯಿಂದ ಎಸೆಯುತ್ತಿದ್ದೆ. ಶಿವಕಾಂತಾ ಅದನ್ನೂ ಅಷ್ಟೇ ಜೋಪಾನವಾಗಿ ತೆರೆದರು, ಒಳಗಿನದನ್ನು ಕಳಿಸಿದರು, ಎರಡು ಸಲ ಎಣಿಸಿದರು.

ಬಿಸಿಲು ಏರುತ್ತಿದೆ, ಟವರು ಸಾಯುತ್ತಿದೆ. ಹೊರಡುವ ಮುನ್ನ ನಾನು ಕೇಳಿದೆ: ಈ ಬರಹದಿಂದ ನಿಮಗೆ ತೊಂದರೆಯಾಗಬಹುದು, ಬೇರೆ ಹೆಸರು ಹಾಕಲೇ?

ಅವರು ಡಬ್ಬಿಯ ತಳದಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ನನ್ನ ಕೈಗೆ ಕೊಟ್ಟರು. ಆದೇಶದ ಜೆರಾಕ್ಸು. 'ಯಾರೋ ಅನಧಿಕೃತ ವ್ಯಕ್ತಿಯಿಂದ' ಎಂಬ ಮಾತಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದಿದ್ದಾರೆ.

"ಇನ್ನೂರ ಹನ್ನೆರಡು ಮಂದಿ ಫೋನ್ ಮಾಡೇನಿ. ಈ ಕಾಗದದಾಗ ನಾ ಯಾರೋ ಆಗೇನಿ ನೋಡ್ರಿ. ಬೈದ್ರೂ ಹೆಸರು ಹಿಡಿದು ಬೈದಿಲ್ಲ," ಎಂದರು. "ನೀವರ ಬರೀರಿ. ಶಿವಕಾಂತಾ, ಕರಜಗಿ ಅಂತ ಬರೀರಿ. ಆಕಿಗಿ ಕೆಲಸ ಬರ್ತದ ಅಂತ ಬರೀರಿ."