ಮಂಜಿನಲ್ಲಿ ‘ಬಾ’ ಎಂದವರು

ಹೊಗೆ ಬೆರೆತ ಮಂಜು ಗಂಟಲಿಗಿಳಿದಾಗಲೆಲ್ಲ ಪಕ್ಕದ ಫ್ಲಾಟಿನಲ್ಲಿದ್ದ ಅಂಕಲ್ ನೆನಪಾಗುತ್ತಾರೆ. ಇವತ್ತು ಬೆಳಿಗ್ಗೆ ನೋಯ್ಡಾದ ನಮ್ಮ ಸೊಸೈಟಿಯ ಹೊರಗೆ ಕ್ಯಾಬಿಗೆ ಕಾಯುತ್ತಿದ್ದೆ. ಎದುರಿನ ಟವರ್ ಹಾಗಿರಲಿ, ಗೇಟಿನ ಕಂಬವೇ ಮಾಯವಾಗಿತ್ತು. ಡ್ರೈವರ್ ಫೋನ್ ಮಾಡಿ, ಲೈಟ್ ಹಾಕಿದ್ದೇನೆ, ಗಾಡಿ ಕಾಣುತ್ತಿದೆಯಾ ಎಂದ. ಆಫೀಸಿಗೆ ತಡವಾಗಿತ್ತು. ಕಾಣದಿದ್ದರೂ ‘ಹಾಂ’ ಎನ್ನಲು ಬಾಯಿ ತೆರೆದೆ...

ಅಂಕಲ್ ಕೊಡಗಿನವರು, ನೌಕಾಪಡೆಯ ನಿವೃತ್ತ ಪೈಲಟ್. ವಿಮಾನವಾಹಕ ಹಡಗಿನ ಡೆಕ್ಕಿನ ಅಂಚಿನಲ್ಲಿ ನಿಂತು, ಇಳಿಯುವ ವಿಮಾನಗಳಿಗೆ ರೇಡಿಯೋದಲ್ಲಿ ದಾರಿ ಹೇಳುವ ಕೆಲಸವನ್ನೂ ಮಾಡಿದ್ದರು. ವಿಮಾನ ಕಂಡರೆ ‘ಬಾ’ ಎನ್ನಬೇಕು, ಕಾಣದಿದ್ದರೆ ವಾಪಸ್ ಮೇಲಕ್ಕೆ ಕಳಿಸಬೇಕು. ಗಣರಾಜ್ಯೋತ್ಸವಕ್ಕೆ ಅವರನ್ನು ಮೈಕಿನ ಮುಂದೆ ನಿಲ್ಲಿಸಲು ನಾವು ಪ್ರತಿ ಸಲವೂ ಹೆಣಗುತ್ತಿದ್ದೆವು, ಅವರು ಏನಾದರೂ ನೆಪ ಹೇಳಿ ಜಾರಿಕೊಳ್ಳುತ್ತಿದ್ದರು. ಜಂಬದ ಮನುಷ್ಯ ಎಂದು ನಾನೇ ಆಡಿಕೊಂಡದ್ದುಂಟು.

ಒಂದು ಮಧ್ಯಾಹ್ನ ಅವರ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಅವರಿಗೊಂದು ಫೋನ್ ಬಂತು. ಮಾತು ಮುಗಿದಾಗ ಮುಖ ಕಪ್ಪಿಟ್ಟಿತ್ತು. ಹಿಂದೊಮ್ಮೆ ಮಂಜಿನಲ್ಲಿ ಅವರು ಇಳಿಸಿಕೊಂಡ ಪೈಲಟ್ ಅಂತೆ, ವರ್ಷ ವರ್ಷ ಥ್ಯಾಂಕ್ಸ್ ಹೇಳಲು ಫೋನ್ ಮಾಡುತ್ತಾರಂತೆ. ಅದಕ್ಕೇಕೆ ಬೇಸರ ಎಂದೆ.

“ನನಗೆ ಅವನು ಕಂಡೇ ಇರಲಿಲ್ಲಮ್ಮ,” ಎಂದರು. “ಸದ್ದು ಮಾತ್ರ ಕೇಳ್ತಿತ್ತು. ಕಾಣ್ತಿದ್ದೀನಾ ಅಂತ ಕೇಳಿದ. ಪಕ್ಕದಲ್ಲಿ ದೊಡ್ಡ ಆಫೀಸರ್‌ಗಳೆಲ್ಲ ನಿಂತಿದ್ರು. ಕಾಣಲ್ಲ ಅನ್ನೋಕೆ ನಾಚಿಕೆ ಆಯ್ತು. ಕಾಣ್ತಿದ್ದೀಯ, ಬಾ ಅಂದ್ಬಿಟ್ಟೆ.”

ವಿಮಾನ ಹೇಗೋ ಇಳಿಯಿತು. ಬಾಲದ ಕೊಕ್ಕೆ ಡೆಕ್ಕಿನ ಮೇಲಿನ ತಂತಿಗೆ ಸಿಕ್ಕಿಕೊಂಡು ನಿಂತಿತು. ಆ ಆಫೀಸರ್‌ಗಳೇ ಅಂಕಲ್ ಬೆನ್ನು ತಟ್ಟಿದರಂತೆ. ಮುಂದಿನ ಸಲ ಫೋನ್ ಬಂದರೆ ನಿಜ ಹೇಳಿಬಿಡುತ್ತೇನೆ ಎಂದರು. ಅದು ಬರುವ ಮೊದಲೇ ತೀರಿಕೊಂಡರು.

ಶ್ರದ್ಧಾಂಜಲಿ ಸಭೆಗೆ ಆ ಪೈಲಟ್ ಬಂದಿದ್ದರು, ಅವರ ತಲೆಯೂ ನರೆತಿತ್ತು. ‘ನನಗೇ ದಾರಿ ಕಾಣದಿದ್ದಾಗ ಅವರಿಗೆ ನಾನು ಕಂಡಿದ್ದೆ’ ಎಂದು ಮೈಕಿನಲ್ಲಿ ಹೇಳಿ ಅತ್ತರು. ಸಭೆಯಲ್ಲಿ ಎಲ್ಲರೂ ಕಣ್ಣೊರೆಸಿಕೊಂಡರು. ನಿಜ ಗೊತ್ತಿದ್ದವಳು ನಾನೊಬ್ಬಳೇ. ಹೂವಿನ ಹಾರ ಹಾಕಿದ ಅಂಕಲ್ ಫೋಟೋ ಕಡೆ ನೋಡಲಾಗಲಿಲ್ಲ. ಆಮೇಲೆ ಆ ಪೈಲಟ್ ಕೈಮುಗಿದಾಗ ನಾನೂ ಸುಮ್ಮನೆ ಕೈಮುಗಿದೆ. ಅಂಕಲ್ ಬಿಟ್ಟುಹೋದ ನಾಚಿಕೆ ಅಂದಿನಿಂದ ನನ್ನದೂ ಆಗಿದೆ...

“ಮ್ಯಾಡಮ್, ದಿಖ್ ರಹೀ ಹೈ?” ಕಾಣುತ್ತಿದೆಯಾ ಎಂದು ಡ್ರೈವರ್ ಫೋನಿನಲ್ಲಿ ಮತ್ತೆ ಕೇಳಿದ.

“ನಹೀ ಭಯ್ಯಾ,” ಎಂದೆ.

ಸರಿ, ಇಲ್ಲೇ ನಿಂತಿರುತ್ತೇನೆ, ನಿಧಾನವಾಗಿ ಬನ್ನಿ ಎಂದ. ಅಷ್ಟೇ. ಇಷ್ಟು ಚಿಕ್ಕ ಮಾತನ್ನು ಅಂದು ಆಡಲಾಗದೆ ಅಂಕಲ್ ಬದುಕಿಡೀ ತಲೆ ತಗ್ಗಿಸಿದರು. ಅವರ ಫ್ಲಾಟಿಗೆ ಈಗ ಬೇರೆಯವರು ಬಂದಿದ್ದಾರೆ. ಆ ಪೈಲಟ್‌ಗೆ ನಾನು ಇನ್ನೂ ಏನೂ ಹೇಳಿಲ್ಲ.